ಹೆಬ್ಬೆಟ್ಟು ಊದಿದ್ರೆ ಬರೀ ಉಳುಕು ಅಂದ್ಕೋಬೇಡಿ

ಮೂಗೂರು ಕಡೆ ಭತ್ತದ ನಾಟಿ ಶುರುವಾಗಿದ್ದ ಸಮಯ. ನಮ್ಮ ಸೋದರಮಾವ ಸಂಜೆವರೆಗೂ ಗದ್ದೆ ಬದು ಕಡಿದು, ರಾತ್ರಿ ಬಾಡೂಟ ಉಂಡು ಮಲಗಿದ್ರು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಕೂತು ನರಳ್ತಿದ್ರು. ಬಲಗಾಲಿನ ಹೆಬ್ಬೆಟ್ಟಿನ ಬುಡ ಕೆಂಪಗೆ ಊದಿತ್ತು, ಹೊದಿಕೆ ತಾಗಿದ್ರೂ ಕಿರುಚೋರು. ಒಬ್ಬರು ಮುಳ್ಳು ಅಂದ್ರು, ಇನ್ನೊಬ್ಬರು ಹುಳ ಮುಟ್ಟಿದೆ ಅಂದ್ರು, ಅತ್ತೆ ಉಳುಕು ಅಂತ ಎಣ್ಣೆ ಬಿಸಿ ಮಾಡಿದ್ರು. ಕೊನೆಗೆ ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ರು, ವಾರದಲ್ಲಿ ಓಡಾಡೋ ಹಾಗಾಯ್ತು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಇದೇ ಕಥೆ. ಆರು ವರ್ಷ ಹೀಗೇ ನಡೀತು. ರಕ್ತ ಪರೀಕ್ಷೆ ಯಾರೂ ಬರೆದುಕೊಡಲಿಲ್ಲ, ನಾವೂ ಕೇಳಲಿಲ್ಲ.

ಕೊನೆಗೆ ಮೈಸೂರಲ್ಲಿ ಮಾಡಿಸಿದಾಗ ಯೂರಿಕ್ ಆಸಿಡ್ 9.4 ಬಂತು. ಅದಕ್ಕಿಂತ ಗಾಬರಿಯಾಗಿದ್ದು ಪಕ್ಕದ ಸಾಲಲ್ಲಿದ್ದ ಕ್ರಿಯಾಟಿನಿನ್ ನೋಡಿ: 2.1. ಅಂದ್ರೆ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿತ್ತು. ಗೊತ್ತೇ ಇರದ ಬಿಪಿ ಒಂದು ಕಡೆ, ಆರು ವರ್ಷದ ನೋವಿನ ಇಂಜೆಕ್ಷನ್ನು ಮಾತ್ರೆ ಇನ್ನೊಂದು ಕಡೆ ಅಂದ್ರು ಡಾಕ್ಟರ್.

ಮೊದಲು ಒಂದು ಗೊಂದಲ ಬಗೆಹರಿಸೋಣ. ಯೂರಿಕ್ ಆಸಿಡ್‌ಗೂ ನೀವು ಗದ್ದೆಗೆ ಎರಚೋ ಯೂರಿಯಾ ಚೀಲಕ್ಕೂ ಸಂಬಂಧ ಇಲ್ಲ. ನಮ್ಮ ಜೀವಕೋಶಗಳಲ್ಲಿ, ತಿನ್ನೋ ಆಹಾರದಲ್ಲಿ ಪ್ಯೂರಿನ್ ಅನ್ನೋ ವಸ್ತು ಇರುತ್ತೆ. ಅದು ಒಡೆದಾಗ ಉಳಿಯೋ ಕಸವೇ ಯೂರಿಕ್ ಆಸಿಡ್. ಇದರಲ್ಲಿ ಸುಮಾರು ಮೂರನೇ ಎರಡು ಪಾಲು ದೇಹದಲ್ಲೇ ಹುಟ್ಟುತ್ತೆ, ಉಳಿದದ್ದು ಊಟದಿಂದ. ಹೆಚ್ಚಿನ ಭಾಗವನ್ನ ಕಿಡ್ನಿ ಹೊರಗೆ ಹಾಕುತ್ತೆ. ಕೋಳಿ ಹಿಕ್ಕೆ ಮೇಲಿನ ಬಿಳಿ ಭಾಗ ನೋಡಿದ್ದೀರಲ್ಲ, ಅದು ಯೂರಿಕ್ ಆಸಿಡ್. ರೇಷ್ಮೆ ಹುಳದ ಚರ್ಮ ಬೆಳ್ಳಗೆ ಕಾಣೋದೂ ಅದರಿಂದಲೇ.

ರಕ್ತದಲ್ಲಿ ಇದು ಡೆಸಿಲೀಟರ್‌ಗೆ 6.8 ಮಿಲಿಗ್ರಾಂ ದಾಟಿದ್ರೆ ಕರಗದೆ ಹರಳು ಕಟ್ಟೋಕೆ ಶುರುಮಾಡುತ್ತೆ. ಕಾಲಿನ ತುದಿ ದೇಹದ ತಣ್ಣಗಿನ ಜಾಗ ಆಗಿರೋದ್ರಿಂದ ಸೂಜಿಯಂಥ ಹರಳು ಹೆಬ್ಬೆಟ್ಟಿನ ಕೀಲಲ್ಲೇ ಮೊದಲು ಕೂರೋದು ಜಾಸ್ತಿ. ಇದೇ ಗೌಟ್. ಆಯುರ್ವೇದದ ವಾತರಕ್ತಕ್ಕೂ ಇದಕ್ಕೂ ತುಂಬ ಹೋಲಿಕೆ ಇದೆ. ಹರಳು ಕಿಡ್ನಿಯಲ್ಲಿ ಕಟ್ಟಿದ್ರೆ ಕಲ್ಲು.

ಆದ್ರೆ ರಿಪೋರ್ಟಲ್ಲಿ 7.5 ಬಂತು ಅಂತ ಗಾಬರಿಯಾಗಿ ಮಾತ್ರೆ ನುಂಗ್ಬೇಡಿ. ನೋವು, ಕಲ್ಲು ಏನೂ ಇಲ್ಲದವರಿಗೆ ಸಾಮಾನ್ಯವಾಗಿ ಔಷಧಿ ಬೇಕಾಗಲ್ಲ. ಬಿಪಿ, ಸಕ್ಕರೆ, ಕ್ರಿಯಾಟಿನಿನ್ ನೋಡಿಸಿ, ತೂಕ ಇಳಿಸಿ, ಸಾಕು. ಇನ್ನೊಂದು ವಿಚಿತ್ರ: ನೋವು ಜೋರಾಗಿರೋ ದಿನ ಪರೀಕ್ಷೆ ಮಾಡಿಸಿದ್ರೆ ಕೆಲವರಿಗೆ ಅಂಕಿ ಸರಿಯಾಗೇ ಬರುತ್ತೆ. ನೋವು ಇಳಿದು ಎರಡು ವಾರ ಆದ್ಮೇಲೆ ಮತ್ತೆ ಮಾಡಿಸಿ. ಕೀಲು ಊದಿ ಜ್ವರವೂ ಬಂದಿದ್ರೆ ಮಾತ್ರ ಕಾಯಬೇಡಿ. ಅದು ಕೀವಾಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಆ ಇಂಜೆಕ್ಷನ್ ವಿಷಯ. ನೋವಿಗೆ ಹೆಚ್ಚಾಗಿ ಹಾಕೋದು ಡೈಕ್ಲೋಫೆನಾಕ್. ಇದೇ ಔಷಧಿಯನ್ನ ಹಿಂದೆ ದನಗಳಿಗೂ ಹಾಕ್ತಿದ್ರು. ಇಂಜೆಕ್ಷನ್ ಹಾಕಿಸ್ಕೊಂಡ ದನ ಸತ್ತು, ಅದನ್ನ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ರಕ್ತದಲ್ಲಿ ಯೂರಿಕ್ ಆಸಿಡ್ ಏರಿ, ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಹರಳು ಕಟ್ಟಿತ್ತು. ಇದು ಪತ್ತೆಯಾಗಿ ಪ್ರಕಟವಾಗಿದ್ದು 2004ರಲ್ಲಿ, ಪಾಕಿಸ್ತಾನದ ಹದ್ದುಗಳಲ್ಲಿ. ಅಷ್ಟರಲ್ಲಿ ಭಾರತದ ಆಕಾಶವೂ ಖಾಲಿಯಾಗಿತ್ತು. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧ ಆಯ್ತು, 2023ರಲ್ಲಿ ಕೀಟೋಪ್ರೋಫೆನ್, ಅಸೆಕ್ಲೋಫೆನಾಕ್ ಕೂಡ. ನಮ್ಮ ರಾಜ್ಯದಲ್ಲಿ ರಣಹದ್ದುಗಳಿಗಾಗಿ ರಾಮನಗರದ ರಾಮದೇವರಬೆಟ್ಟವನ್ನ ವನ್ಯಧಾಮ ಮಾಡಿದ್ದು 2012ರಲ್ಲಿ. ಹಸುಗೆ ನೋವಿನ ಔಷಧಿ ಬೇಕಾದ್ರೆ ಪಶುವೈದ್ಯರ ಹತ್ರ ಮೆಲೋಕ್ಸಿಕ್ಯಾಂ ಕೇಳಿ, ಅದು ಹದ್ದಿಗೆ ಅಪಾಯ ಮಾಡಲ್ಲ. ಮನುಷ್ಯನ ಕಿಡ್ನಿ ಹದ್ದಿನಷ್ಟು ಸೂಕ್ಷ್ಮ ಅಲ್ಲ, ನಿಜ. ಆದ್ರೆ ಬಿಪಿ, ಸಕ್ಕರೆ ಇರೋರು, ಬಿಸಿಲಲ್ಲಿ ನೀರಿಲ್ಲದೆ ದುಡಿಯೋರು ಇದನ್ನ ಮತ್ತೆ ಮತ್ತೆ ಹಾಕಿಸ್ಕೊಂಡ್ರೆ ಕಿಡ್ನಿ ತಡ್ಕೊಳ್ಳಲ್ಲ.

ನೀರಿನ ಮಾತು ರೈತರಿಗೆ ಬೇರೆಯವರಿಗಿಂತ ಜಾಸ್ತಿ ಅನ್ವಯಿಸುತ್ತೆ. ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯೋ ಎಳೆ ವಯಸ್ಸಿನ ಗಂಡಸರಿಗೇ ಕಿಡ್ನಿ ಹೋಗ್ತಿತ್ತು, ಸಕ್ಕರೆ ಕಾಯಿಲೆಯೂ ಇಲ್ಲ, ಬಿಪಿಯೂ ಇಲ್ಲ. ಬಿಸಿಲು ಮತ್ತು ಬಾಯಾರಿಕೆ ಮುಖ್ಯ ಕಾರಣ ಅಂತ ಸಂಶೋಧಕರ ಅನುಮಾನ, ಯೂರಿಕ್ ಆಸಿಡ್ ಪಾತ್ರವೂ ಇರಬಹುದು ಅಂತಾರೆ. ನಂಜನಗೂಡಿನ ಅಳಗಂಚಿ ಕಾರ್ಖಾನೆಗೆ ಕಬ್ಬು ಕಡಿಯೋರೂ ಅಷ್ಟೇ ಬಿಸಿಲಲ್ಲಿ ನಿಂತಿರ್ತಾರೆ. ಮೂತ್ರ ಗಾಢ ಹಳದಿ ಬಂದ್ರೆ ನೀರು ಸಾಲದು ಅಂತ ಲೆಕ್ಕ. ಮಜ್ಜಿಗೆ ಇನ್ನೂ ಒಳ್ಳೇದು. ತಂಪು ಪಾನೀಯದ ಬಾಟಲಿ ಮಾತ್ರ ಬೇಡ, ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದು ಯೂರಿಕ್ ಆಸಿಡ್ ಏರಿಸುತ್ತೆ. ದಿನಾ ಎರಡು ಅಥವಾ ಜಾಸ್ತಿ ಸಲ ಅಂಥ ಪಾನೀಯ ಕುಡಿಯೋ ಗಂಡಸರಲ್ಲಿ ಗೌಟ್ ಅಪಾಯ 85% ಹೆಚ್ಚು ಅಂತ 2008ರ ಒಂದು ಅಧ್ಯಯನ ಹೇಳಿತ್ತು.

ಊಟದಲ್ಲಿ ನಮ್ಮೂರ ಪಥ್ಯಕ್ಕೂ ವಿಜ್ಞಾನಕ್ಕೂ ಸ್ವಲ್ಪ ಜಗಳ ಇದೆ. ಬೇಳೆ, ಕಾಳು, ಪಾಲಕ್ ಬಿಡಿ ಅಂತ ವಾಟ್ಸಾಪಲ್ಲಿ ಬರುತ್ತೆ. ಅಮೆರಿಕದಲ್ಲಿ 47,150 ಗಂಡಸರನ್ನ 12 ವರ್ಷ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ, ಮೀನಿನಂಥವು ಅಪಾಯ ಹೆಚ್ಚಿಸಿದ್ವು, ಹಾಲು ಮೊಸರು ಕಡಿಮೆ ಮಾಡಿದ್ವು. ಕಾಳು ಸೊಪ್ಪಿಂದ ಅಪಾಯ ಏರಲಿಲ್ಲ. ಹಾಗಾಗಿ ಹುರುಳಿ ಸಾರು, ಮುದ್ದೆ ಧಾರಾಳವಾಗಿ ಉಣ್ಣಿ. ಕಿಡ್ನಿ ಆಗ್ಲೇ ಸೋತಿದ್ರೆ ಮಾತ್ರ ಡಾಕ್ಟರ್ ಹೇಳಿದಷ್ಟು. ಲಿವರ್, ಬೋಟಿ ಕಡಿಮೆ ಮಾಡಿ. ಕೀಲುನೋವಿಗೆ ಒಳ್ಳೇದು ಅಂತ ಮಾವನಿಗೆ ಆರು ವರ್ಷ ಕುಡಿಸಿದ ಕಾಲು ಸೂಪು ಬೆಂಕಿಗೆ ತುಪ್ಪ ಹುಯ್ದ ಹಾಗೆ ಇತ್ತೇನೋ, ಯಾಕಂದ್ರೆ ಮಾಂಸ ಬೇಯಿಸಿದ ನೀರಿಗೆ ಪ್ಯೂರಿನ್ ಇಳಿಯುತ್ತೆ. ಬಿಯರಂತೂ ಎಲ್ಲಕ್ಕಿಂತ ಕೆಟ್ಟದ್ದು.

ಪದೇ ಪದೇ ನೋವು ಬರೋರಿಗೆ ಅಲೋಪ್ಯುರಿನಾಲ್ ಅನ್ನೋ ಹಳೇ ಮಾತ್ರೆ ಇದೆ. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, 6ಕ್ಕಿಂತ ಕೆಳಗೆ ಬರೋವರೆಗೂ ಡಾಕ್ಟರ್ ಏರಿಸ್ತಾ ಹೋಗ್ತಾರೆ. ಮೊದಲ ಕೆಲವು ತಿಂಗಳು ನೋವು ಮರುಕಳಿಸಬಹುದು, ಅದಕ್ಕೆ ಹೆದರಿ ನಿಲ್ಲಿಸೋರೇ ಜಾಸ್ತಿ. ಮೈಮೇಲೆ ಗಂಧೆ ಎದ್ರೆ, ಬಾಯಿ ಹುಣ್ಣಾದ್ರೆ ಮಾತ್ರ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಓಡಿ. ಅಪರೂಪ, ಆದ್ರೆ ಜೀವಕ್ಕೆ ಅಪಾಯ. ಬಿಪಿ ಮಾತ್ರೆ ತಗೋತಿದ್ರೆ ಅದರ ಹೆಸರನ್ನೂ ತೋರಿಸಿ, ಹೈಡ್ರೋಕ್ಲೋರೋಥಯಾಜೈಡ್ ಇರೋ ಮಾತ್ರೆ ಯೂರಿಕ್ ಆಸಿಡ್ ಏರಿಸುತ್ತೆ. ಹಳೇ ರಿಪೋರ್ಟ್ ಎಲ್ಲಾ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ನರಸೀಪುರ ತಾಲ್ಲೂಕು ಆಸ್ಪತ್ರೆಗೆ ಹೋದ್ರೂ ಮೈಸೂರಿಗೆ ಹೋದ್ರೂ ಮೊದಲು ಕೇಳೋದು ಅದನ್ನೇ.

ಮಾವನ ಯೂರಿಕ್ ಆಸಿಡ್ ಈಗ 5.6. ಒಂದು ವರ್ಷದಿಂದ ಹೆಬ್ಬೆಟ್ಟು ಸುಮ್ಮನಿದೆ. ಕ್ರಿಯಾಟಿನಿನ್ ಮಾತ್ರ ಇಳಿದಿಲ್ಲ, ಮೂರು ತಿಂಗಳಿಗೊಮ್ಮೆ ನೋಡಿಸ್ತಿದ್ದೀವಿ.