ಸರಹದ್ದಿನ ಆಚೆ ಈಚೆ: ಮದ್ಯದ ಕಾಯಿದೆ, ಮದ್ಯದ ಬೆಲೆ

ನಮಗೆ ಪರಿಚಯವಿರುವ ಹೊಟೇಲೊಂದರ ತರುಣನೊಬ್ಬನು ಊರಿನಿಂದ ಮುಂಬಯಿಗೆ ಬಸ್ಸಿನಲ್ಲಿ ಹಿಂತಿರುಗುತ್ತಿದ್ದನು. ಕುಂದಾಪುರದ ಕಡೆಯವನು, ವಯಸ್ಸು ಇಪ್ಪತ್ತೆರಡು. ಹಗಲು ಗಲ್ಲಾದ ಬಳಿ ಕೂಪನು ಹರಿಯುವ ಕೆಲಸ, ಸಂಜೆ ಓದು. ತಾನು ಮದ್ಯದ ಹನಿಯನ್ನೂ ಮುಟ್ಟಿದವನಲ್ಲ. ಆದರೆ ಒಟ್ಟಿಗೆ ವಾಸವಾಗಿರುವ ಗೆಳೆಯರು, "ಬರುವಾಗ ಗೋವೆಯಲ್ಲಿ ಬಸ್ಸು ನಿಲ್ಲುತ್ತದಲ್ಲ, ಆರು ಬಾಟಲಿ ತಂದುಬಿಡು, ಅಲ್ಲಿ ಅರ್ಧ ಬೆಲೆ" ಎಂದು ಹೇಳಿ ಹಣವನ್ನೂ ಕಳುಹಿಸಿದ್ದರು. ಇವನು ತಂದನು. ಅಂಗಡಿಯವನು ಬಿಲ್ಲು ಕೊಟ್ಟನು, ಇವನು ಅದನ್ನು ಜೋಪಾನವಾಗಿ ಕಿಸೆಯಲ್ಲಿಟ್ಟುಕೊಂಡನು. ಗಡಿ ದಾಟಿದ ಸ್ವಲ್ಪ ಹೊತ್ತಿನಲ್ಲೇ ಅಬಕಾರಿಯವರು ಬಸ್ಸನ್ನು ತಡೆದು ಸಾಮಾನು ಇಳಿಸಿ ನೋಡಿದರು. ಚೀಲದೊಡನೆ ಇವನೂ ಇಳಿದನು. ಬಸ್ಸು ಮುಂದೆ ಹೋಯಿತು.

ಜಾಮೀನಾಗಿ ಮುಂಬಯಿಗೆ ಬಂದ ಮೇಲೆ ಅವನು ನಮ್ಮಲ್ಲಿಗೆ ಬಂದು ಕೇಳಿದ ಪ್ರಶ್ನೆ ಒಂದೇ: "ಅಂಗಡಿಯವ ಬಿಲ್ಲು ಕೊಟ್ಟಿದ್ದಾನಲ್ಲ, ಮತ್ತೆ ಅದು ಕಳ್ಳಮಾಲು ಹೇಗಾಯಿತು ಅಣ್ಣ?"

ಪ್ರಶ್ನೆ ಸರಳವಾದುದು. ಗೋವೆಯ ದಾರಿಯಾಗಿ ಊರಿಗೆ ಹೋಗಿಬರುವ ನಮ್ಮ ಸಾವಿರಾರು ಬಂಧುಗಳಲ್ಲಿ ಎಷ್ಟು ಮಂದಿಗೆ ಇದರ ಉತ್ತರ ತಿಳಿದಿದೆಯೆಂದು ನಾವು ಯೋಚಿಸಿದಾಗ ಈ ಲೇಖನವನ್ನು ಬರೆಯುವುದು ಅಗತ್ಯವೆಂದು ತೋರಿತು. ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಮದ್ಯದ ತಯಾರಿಕೆ, ಸಂಗ್ರಹ, ಸಾಗಾಟ, ಕ್ರಯ, ವಿಕ್ರಯ ಇವೆಲ್ಲವೂ ರಾಜ್ಯಗಳ ಪಟ್ಟಿಯ 8ನೆಯ ವಿಷಯ. ಅದರ ಮೇಲಣ ಅಬಕಾರಿ ಸುಂಕವು ಅದೇ ಪಟ್ಟಿಯ 51ನೆಯ ವಿಷಯ. ಬೆಂಕಿಪೆಟ್ಟಿಗೆಯಿಂದ ಮೋಟಾರು ಗಾಡಿಯವರೆಗೆ ಹೆಚ್ಚಿನ ಸರಕುಗಳಿಗೆ 2017ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಜಿ.ಎಸ್.ಟಿ. ಬಂದರೂ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಡಲಾಯಿತು. ಅಂದಮೇಲೆ ಮದ್ಯದ ಮಟ್ಟಿಗೆ ಪ್ರತಿಯೊಂದು ರಾಜ್ಯವೂ ತನ್ನದೇ ಸುಂಕದ ಕಟ್ಟೆಯುಳ್ಳ ಬೇರೊಂದು ದೇಶದಂತೆಯೇ ಸರಿ. ಗೋವೆಯಲ್ಲಿ ಕೊಂಡ ಬಾಟಲಿಗೆ ಗೋವೆಯ ಸುಂಕ ಸಂದಿದೆ. ಮಹಾರಾಷ್ಟ್ರದ ಸುಂಕ ಸಂದಿಲ್ಲ. ಬಿಲ್ಲು ಇದ್ದರೆ ಅದು ಗೋವೆಯಲ್ಲಿ ಕೊಂಡುದಕ್ಕೆ ಸಾಕ್ಷಿಯಾಗುತ್ತದೆಯೇ ಹೊರತು ಇತ್ತ ತರಲು ರಹದಾರಿಯಾಗುವುದಿಲ್ಲ. ನಮ್ಮ ಹುಡುಗನು ಜೋಪಾನ ಮಾಡಿದ್ದ ಆ ಚೀಟಿಯೇ ಅವನ ವಿರುದ್ಧದ ಕಾಗದಗಳಲ್ಲಿ ಒಂದಾಯಿತು.

ಅದೇ ಸಂವಿಧಾನದ 47ನೆಯ ವಿಧಿಯು ಪಾನನಿರೋಧಕ್ಕೆ ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆಂಬುದನ್ನು ವಾಚಕರು ಬಲ್ಲರು. ಒಂದು ಕೈಯಲ್ಲಿ ನಿರೋಧದ ಉಪದೇಶ, ಇನ್ನೊಂದು ಕೈಯಲ್ಲಿ ಸುಂಕದ ಬೊಕ್ಕಣ! ಕರ್ನಾಟಕ ಸರಕಾರವು 2025-26ರ ಮುಂಗಡ ಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮಾರಾಟವನ್ನೂ ಸರಕಾರದ ನಿಗಮವೇ ನಡೆಸುತ್ತಿದೆ. ಮದ್ಯದ ವ್ಯಾಪಾರವು ಪ್ರಜೆಯ ಮೂಲಭೂತ ಹಕ್ಕಲ್ಲ, ಸರಕಾರ ಬೇಕಾದರೆ ಪೂರ್ತಿ ನಿಲ್ಲಿಸಬಹುದು, ಬೇಕಾದರೆ ತಾನೇ ಏಕಸ್ವಾಮ್ಯ ಮಾಡಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪಿತ್ತಿತು. ಆ ವ್ಯಾಜ್ಯದಲ್ಲಿ ಒಂದು ಪಕ್ಷ ಬೆಂಗಳೂರಿನ ಖೋಡೆ ಡಿಸ್ಟಿಲರೀಸ್, ಇನ್ನೊಂದು ಕರ್ನಾಟಕ ರಾಜ್ಯ.

ಗಡಿಯ ಈ ಫಜೀತಿ ನಮ್ಮವರಿಗೆ ಹೊಸತಲ್ಲ. ಮದ್ರಾಸು ಪ್ರಾಂತದಲ್ಲಿ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಿಂದ ಆರಂಭವಾದ ಪಾನನಿರೋಧವು 1948ರಲ್ಲಿ ಇಡೀ ಪ್ರಾಂತಕ್ಕೆ ವಿಸ್ತರಿಸಿದಾಗ, ಅಂದು ಅದಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಕಳ್ಳಿನ ಗಡಿಗೆಗಳು ಮರದಿಂದ ಇಳಿದವು. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಅಲ್ಲಿ 1949ರ ಪಾನನಿರೋಧ ಕಾಯಿದೆಯಂತೆ 1950ರ ಏಪ್ರಿಲ್ 6ರಿಂದ ಸಂಪೂರ್ಣ ನಿಷೇಧ. ನಡುವೆ ಪೋರ್ಚುಗೀಸರ ಗೋವೆ, ಅಲ್ಲಿ ಯಾವ ತಡೆಯೂ ಇಲ್ಲ. ಆ ಕಾಲದಲ್ಲಿ ಊರು ಬಿಟ್ಟು ಮುಂಬಯಿಗೆ ಬಂದ ಹಿರಿಯರು ಒಂದು ಒಣ ಪ್ರದೇಶದಿಂದ ಇನ್ನೊಂದು ಒಣ ಪ್ರದೇಶಕ್ಕೆ ಬಂದವರು. 1956ರಲ್ಲಿ ಏಕೀಕರಣವಾದ ಮೇಲೆಯೂ ಹೊಸ ಮೈಸೂರು ರಾಜ್ಯದೊಳಗೆ ನಿರೋಧವಿದ್ದ ಜಿಲ್ಲೆಗಳೂ ಇಲ್ಲದ ಜಿಲ್ಲೆಗಳೂ ಕೆಲವು ವರ್ಷ ಅಕ್ಕಪಕ್ಕದಲ್ಲೇ ಇದ್ದುವು. ರಾಜ್ಯ ಒಂದಾದರೂ ಕಾಯಿದೆ ಒಂದಾಗಲು ತಡವಾಯಿತು.

ಮುಂಬಯಿಯ ಆ 1949ರ ಕಾಯಿದೆಯನ್ನು ಬಾಲ್ಸಾರಾ ಎಂಬವರು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1951ರಲ್ಲಿ ಕೆಲವು ಕಲಮುಗಳನ್ನು ಮಾತ್ರ ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು. ಅದು ಇನ್ನೂ ಜೀವಂತವಾಗಿದೆ. 1960ರ ಮೇ 1ರಂದು ಪ್ರಾಂತ ಇಬ್ಭಾಗವಾದಾಗ ಇಬ್ಬರು ಮಕ್ಕಳು ಒಂದೇ ಮನೆಯನ್ನು ಹಂಚಿಕೊಂಡಂತೆ ಗುಜರಾತವೂ ಮಹಾರಾಷ್ಟ್ರವೂ ಅದೇ ಕಾಯಿದೆಯನ್ನು ಹಂಚಿಕೊಂಡವು. ಗುಜರಾತವು ಬಾಗಿಲನ್ನು ಮುಚ್ಚಿಯೇ ಇಟ್ಟಿತು. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಬಳಿಯ ಗಿಫ್ಟ್ ಸಿಟಿಗೆ ಮಾತ್ರ ಒಂದಿಷ್ಟು ಸಡಿಲಿಕೆ ಕೊಟ್ಟಿತು. ಮಹಾರಾಷ್ಟ್ರವು ಅರುವತ್ತರ ದಶಕದಲ್ಲಿ ಪರವಾನಿಗೆಯೆಂಬ ಕಿಟಕಿಯನ್ನು ತೆರೆಯಿತು. ನಮ್ಮವರು ಅನೇಕರು ನಡೆಸುವ, ಇನ್ನೂ ಅನೇಕರು ದುಡಿಯುವ 'ಪರ್ಮಿಟ್ ರೂಮ್' ಎಂಬ ಹೆಸರು ಬಂದುದು ಹೀಗೆ. ಕುಡಿಯುವವನ ಬಳಿ ಪರವಾನಿಗೆ ಇರತಕ್ಕದ್ದೆಂಬುದು ಇಂದಿಗೂ ಕಾಯಿದೆಯ ಮಾತು: ಒಂದು ದಿನಕ್ಕೆ ವಿದೇಶೀ ಮದ್ಯಕ್ಕಾದರೆ 5 ರೂಪಾಯಿ, ದೇಶೀ ದಾರುವಿಗೆ 2, ವರ್ಷಕ್ಕೆ 100, ಆಜೀವಕ್ಕೆ 1,000. ಕೇಳುವವರು ಅಪರೂಪ. ಆದರೆ ಕೇಳಿದ ದಿನ ಇಲ್ಲವೆನ್ನುವವನ ಪಾಡು ಕಷ್ಟದ್ದು.

ವಯಸ್ಸಿನ ಮಾತು ಇನ್ನೂ ವಿಚಿತ್ರ. ಗೋವೆಯಲ್ಲಿ 18 ತುಂಬಿದವನಿಗೆ ಮದ್ಯ ಮಾರಬಹುದು. ಕೇರಳದಲ್ಲಿ 2017ರಿಂದ 23 ತುಂಬಿರಬೇಕು. ಮಹಾರಾಷ್ಟ್ರದಲ್ಲಿ ಬಿಯರಿಗೂ ದ್ರಾಕ್ಷಾಮದ್ಯಕ್ಕೂ 21, ವಿಸ್ಕಿ ರಮ್ಮುಗಳಿಗೆ 25. ಕರ್ನಾಟಕದಲ್ಲಿ ಕಾಯಿದೆ 18 ಎನ್ನುತ್ತದೆ, ಲೈಸೆನ್ಸಿನ ನಿಯಮ 21 ಎನ್ನುತ್ತದೆ. 2023ರಲ್ಲಿ ನಿಯಮವನ್ನು 18ಕ್ಕಿಳಿಸಲು ಕರಡು ಹೊರಡಿಸಿದ ಸರಕಾರವು ವಿರೋಧ ಬಂದೊಡನೆ ಅದನ್ನು ಹಿಂತೆಗೆದುಕೊಂಡಿತು. ಹರಿಯಾಣದಲ್ಲಿ 2021ರಲ್ಲಿ 25ರಿಂದ 21ಕ್ಕೆ ಇಳಿಯಿತು. ನಮ್ಮ ಹುಡುಗನ ಸಂಗತಿಯನ್ನೇ ನೋಡಿ: ಗೋವೆಯ ಅಂಗಡಿಯಲ್ಲಿ ಅವನು ನಿರ್ದೋಷಿಯಾದ ಗಿರಾಕಿ. ಅರ್ಧ ತಾಸಿನ ಪ್ರಯಾಣದ ಬಳಿಕ, ಸುಂಕದ ಮಾತು ಹಾಗಿರಲಿ, ಆ ಬಾಟಲಿಯನ್ನು ಕೊಳ್ಳುವ ವಯಸ್ಸೇ ಅವನಿಗೆ ಆಗಿರಲಿಲ್ಲ!

ಇನ್ನು ಬೆಲೆ. ಮದ್ಯೋದ್ಯಮಿಗಳ ಸಂಘವೊಂದು 2023ರಲ್ಲಿ ಮಾಡಿದ ಹೋಲಿಕೆಯಂತೆ, ಗೋವೆಯಲ್ಲಿ 100 ರೂಪಾಯಿಗೆ ಸಿಗುವ ಮದ್ಯಕ್ಕೆ ದೆಹಲಿಯಲ್ಲಿ 134, ಹರಿಯಾಣದಲ್ಲಿ 147, ಮಹಾರಾಷ್ಟ್ರದಲ್ಲಿ 226, ಕರ್ನಾಟಕದಲ್ಲಿ 513 ರೂಪಾಯಿ ಬೀಳುತ್ತಿತ್ತು. ಅಂದು ಕರ್ನಾಟಕದಲ್ಲಿ ಗಿರಾಕಿ ಕೊಟ್ಟ ನೂರು ರೂಪಾಯಿಯಲ್ಲಿ 83 ರೂಪಾಯಿ ತೆರಿಗೆಗೇ ಹೋಗುತ್ತಿತ್ತು, ಗೋವೆಯಲ್ಲಿ 49. ಇದು ಮಾರುವವರ ಕಡೆಯ ಲೆಕ್ಕವೆಂಬುದನ್ನು ಮರೆಯಬಾರದು, ಎಲ್ಲ ತರದ ಮದ್ಯಕ್ಕೂ ಇದೇ ಅನುಪಾತವೆಂದೂ ತಿಳಿಯಬಾರದು. ಕರ್ನಾಟಕವು 2024ರ ಆಗಸ್ಟಿನಲ್ಲಿ ದುಬಾರಿ ತರಗತಿಗಳ ಸುಂಕವನ್ನು ಇಳಿಸಿತು. ಶ್ರೀಮಂತರು ನೆರೆರಾಜ್ಯದಿಂದ ತಂದುಕೊಳ್ಳುತ್ತಿದ್ದುದೇ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ.

ಸುಂಕವನ್ನು ಅಳತೆ ಮೀರಿ ಏರಿಸಿದರೆ ಏನಾಗುತ್ತದೆಂಬುದಕ್ಕೆ ಆಂಧ್ರವೇ ಪಾಠ. 1992ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಗಳ ವಿರುದ್ಧ ಎದ್ದುನಿಂತ ಚಳವಳಿಯ ಫಲವಾಗಿ 1995ರಲ್ಲಿ ಅಲ್ಲಿ ಪೂರ್ಣ ಪಾನನಿರೋಧ ಬಂದಿತು. ಎರಡೇ ವರ್ಷಗಳಲ್ಲಿ, 1997ರಲ್ಲಿ, ಅದನ್ನು ಕೈಬಿಡಲಾಯಿತು. 2020ರ ಮೇ ತಿಂಗಳಲ್ಲಿ ಸರಕಾರ ಬೆಲೆಯನ್ನು ಒಟ್ಟು ಶೇಕಡಾ 75ರಷ್ಟು ಏರಿಸಿದಾಗ ಕರ್ನಾಟಕ, ತೆಲಂಗಾಣಗಳ ಗಡಿಯಿಂದ ಕದ್ದು ಸಾಗಿಸುವುದು ಹೆಚ್ಚಿತು. 2024ರ ಅಕ್ಟೋಬರಿನಲ್ಲಿ ಅಂಗಡಿಗಳನ್ನು ಮತ್ತೆ ಖಾಸಗಿಯವರಿಗೆ ಬಿಟ್ಟುಕೊಟ್ಟು 99 ರೂಪಾಯಿಗೆ ಕ್ವಾರ್ಟರು ಸಿಗುವಂತೆ ಮಾಡಲಾಯಿತು. ಕೇರಳದ ನಡುವೆ ಇರುವ ಮಾಹೆ ಪುದುಚೇರಿಗೆ ಸೇರಿದ, ಹತ್ತು ಚದರ ಕಿಲೋಮೀಟರಿನಷ್ಟೂ ವಿಸ್ತಾರವಿಲ್ಲದ ಪೇಟೆ. ತಲಶ್ಶೇರಿಯ ದಾರಿಯಾಗಿ ಹೋದವರೆಲ್ಲ ಅಲ್ಲಿನ ಮದ್ಯದಂಗಡಿಗಳ ಸಾಲನ್ನು ಕಂಡಿರುತ್ತಾರೆ. ದೆಹಲಿಯಲ್ಲಿ ಒಂದೇ ಮೆಟ್ರೋ ಜಾಲ ಮೂರು ಸರಕಾರಗಳ ಸೀಮೆಯಲ್ಲಿ ಹರಡಿದೆ. 2023ರ ಜೂನಿನಲ್ಲಿ ಮೆಟ್ರೋದವರು ಮೊಹರು ಒಡೆಯದ ಎರಡು ಬಾಟಲಿಗಳಿಗೆ ಒಪ್ಪಿಗೆಯಿತ್ತರು. ಆದರೆ ಗಾಡಿಯವರ ಒಪ್ಪಿಗೆಯಿಂದ ಅಬಕಾರಿಯ ಕಾಯಿದೆ ಬದಲಾಗದು.

ಹೀಗೆಂದು, ಕಡಿಮೆ ಬೆಲೆಯನ್ನು ಹುಡುಕುವವನನ್ನು ನಾವು ಹಾಸ್ಯಮಾಡಲಾರೆವು. ಬೆಲೆಯೋ ನಿಷೇಧವೋ ಬಡವನನ್ನು ಅಂಗಡಿಯಿಂದ ದೂಡಿದಾಗ ಅವನು ಎಲ್ಲಿಗೆ ಹೋಗುತ್ತಾನೆಂಬುದನ್ನು ಮುಂಬಯಿಯವರಾದ ನಾವು 2015ರ ಜೂನಿನಲ್ಲಿ ಮಾಲವಣಿಯಲ್ಲಿ ಕಂಡಿದ್ದೇವೆ. ಮೆಥನಾಲ್ ಬೆರೆತ ಕಳ್ಳದಾರು ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು, ಕೂಲಿಯವರೇ ಬಹಳ. ನಿಷೇಧವಿದ್ದ ಅಹಮದಾಬಾದಿನಲ್ಲಿ 2009ರಲ್ಲಿ ಅದೇ ಕಥೆ, ಸರಕಾರವೇ ಅಂಗಡಿ ನಡೆಸುವ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 2024ರಲ್ಲಿ ಅದೇ ಕಥೆ.

ನಮ್ಮ ಹೊಟೇಲು ಬಂಧುಗಳಿಗೆ ನೇರವಾಗಿ ತಗಲುವ ಬದಲಾವಣೆಯೆಂದರೆ ಮಹಾರಾಷ್ಟ್ರ ಸರಕಾರದ 2025ರ ಜೂನಿನ ತೀರ್ಮಾನ. ಭಾರತದಲ್ಲೇ ತಯಾರಾಗುವ ವಿದೇಶೀ ಮದ್ಯದ ಸುಂಕವನ್ನು ತಯಾರಿಕೆಯ ಖರ್ಚಿನ ಮೂರು ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಏರಿಸಲಾಯಿತು. 180 ಮಿಲಿಲೀಟರಿನ ಕನಿಷ್ಠ ಬೆಲೆ ದೇಶೀ ದಾರುವಿಗೆ 80, ಇಂಥ ವಿದೇಶೀ ಮದ್ಯಕ್ಕೆ 205, ನಡುವೆ 'ಮಹಾರಾಷ್ಟ್ರ ನಿರ್ಮಿತ ಮದ್ಯ'ವೆಂಬ ಹೊಸ ತರಗತಿಗೆ 148 ರೂಪಾಯಿ ಎಂದು ಗೊತ್ತುಪಡಿಸಿದರು. ಪರ್ಮಿಟ್ ರೂಮಿನ ವ್ಯಾಟ್ ಅದಕ್ಕೆ ಮೊದಲೇ ಶೇಕಡಾ 5ರಿಂದ 10ಕ್ಕೆ ಏರಿತ್ತು. ಲೈಸೆನ್ಸ್ ಶುಲ್ಕವೂ ಏರಿತ್ತು. 2025ರ ಜುಲೈ 14ರಂದು ರಾಜ್ಯದ ಬಾರುಗಳೂ ಪರ್ಮಿಟ್ ರೂಮುಗಳೂ ಒಂದು ದಿನ ಮುಚ್ಚಿ ಪ್ರತಿಭಟಿಸಿದುವು. ಧಣಿಗಳ ಅಳಲನ್ನು ಪತ್ರಿಕೆಗಳು ಬರೆದುವು. ಗಿರಾಕಿ ಕಡಿಮೆಯಾದಾಗ ಟಿಪ್ಸು ಕಡಿಮೆಯಾಗುತ್ತದೆ, ಟಿಪ್ಸಿನಿಂದಲೇ ಊರಿಗೆ ಹಣ ಕಳುಹಿಸುವ ವೇಟರನ ಮನೆಯಲ್ಲಿ ಏನಾಗುತ್ತದೆಂಬುದನ್ನು ಬರೆದವರು ವಿರಳ.

ಇನ್ನೊಂದು ಮಾತನ್ನು ಅವರು ಗಮನದಲ್ಲಿಡಬೇಕು. ಲೈಸೆನ್ಸಿನ ನಿಯಮ ಮುರಿದರೆ ಲೈಸೆನ್ಸುದಾರನು ಮಾತ್ರ ಹೊಣೆಯೆಂದು ಅನೇಕ ನೌಕರರು ತಿಳಿದಿದ್ದಾರೆ. ಹಾಗಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯಿದೆಯು ಅವನ ನೌಕರನನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಮೇಜಿನ ಮೇಲೆ ಗ್ಲಾಸು ಇಡುವ ಕೈ ಯಾರದೋ, ಪ್ರಶ್ನೆ ಮೊದಲು ಅವನಿಗೇ ಬರುತ್ತದೆ. ಗಿರಾಕಿ ಎಳೆಯನೆಂದು ಕಂಡರೆ ಗುರುತಿನ ಚೀಟಿಯನ್ನು ಕೇಳಲು ಸಂಕೋಚಪಡಬಾರದು. ಹಾಗೆಯೇ ರೈಲಿನಲ್ಲಿ ಕುಡಿದು ಬರುವವರಿಗೆ ರೈಲ್ವೆ ಕಾಯಿದೆಯ 145ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆಯುಂಟು. ಮತ್ಸ್ಯಗಂಧಾ ಗಾಡಿಯು ಮಡಗಾಂವನ್ನು ಬಿಟ್ಟ ಮೇಲೆ ಕೆಲವು ಡಬ್ಬಿಗಳಲ್ಲಿ ಕೇಳಿಬರುವ ಗದ್ದಲವನ್ನು ನೆನೆದು ಇದನ್ನು ಬರೆದೆವು.

ನಮ್ಮ ಹುಡುಗನ ಲೆಕ್ಕ ಹೀಗಿದೆ. ಬಾಟಲಿಯೊಂದಕ್ಕೆ ಮುನ್ನೂರು ರೂಪಾಯಿ ಉಳಿತಾಯ, ಆರಕ್ಕೆ ಸಾವಿರದ ಎಂಟುನೂರು, ಅದೂ ಗೆಳೆಯರದು. ವಕೀಲರಿಗೆ, ಜಾಮೀನಿಗೆ, ಓಡಾಟಕ್ಕೆ ಈವರೆಗೆ ಅವನ ಕೈಯಿಂದ ಹೋದುದು ಹದಿನಾಲ್ಕು ಸಾವಿರ. ತಂಗಿಯ ಕಾಲೇಜಿನ ಫೀಜಿಗೆಂದು ಕೂಡಿಟ್ಟಿದ್ದ ಹಣವದು. ಗೆಳೆಯರು ಸೇರಿಸಿ ನಾಲ್ಕು ಸಾವಿರ ಕೊಟ್ಟರು, ಉಳಿದುದನ್ನು ಕೊಡುವೆವೆಂದಿದ್ದಾರೆ. ಧಣಿಗಳು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಆದರೆ ವಾಯಿದೆಗೆ ಹೋದ ದಿನಗಳ ಸಂಬಳ ಹಿಡಿದಿದ್ದಾರೆ. ಊರಲ್ಲಿ ತಾಯಿಗೆ ವಿಷಯ ತಿಳಿಸಿಲ್ಲ. ಮೊನ್ನೆ ಮತ್ತೊಂದು ವಾಯಿದೆಗೆಂದು ರಾತ್ರಿಯ ಬಸ್ಸು ಹತ್ತುವ ಮುನ್ನ ನಮ್ಮಲ್ಲಿಗೆ ಬಂದು, ನ್ಯಾಯಾಧೀಶರ ಮುಂದೆ ಮರಾಠಿಯಲ್ಲಿ ಏನು ಹೇಳಬೇಕೆಂದು ಕಾಗದದ ಮೇಲೆ ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು ಹೋದನು.