ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಲ್ಲಿ ಅನಿರೀಕ್ಷಿತವಾಗಿ ದೊರೆಯುವ ಗಡ್ಡೆಗಳು: ನವಲಗುಂದ ಪರಿಸರದ ಹಿನ್ನೆಲೆಯಲ್ಲಿ

ನವಲಗುಂದ ಭಾಗದ ಹಳ್ಳಿಗಳಲ್ಲಿ ‘ಅಪೆಂಡಿಕ್ಸ್ ಆಪರೇಶನ್’ ಎಂಬುದು ಅಪರಿಚಿತ ಮಾತಲ್ಲ. ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯುವ ನೋವು, ವಾಂತಿ, ಸಣ್ಣ ಜ್ವರ ಕಂಡಾಗ ರೋಗಿಯನ್ನು ಸುಮಾರು 40 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕರೆದೊಯ್ಯುವುದುಂಟು. 1957ರಲ್ಲಿ ಅಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಸುತ್ತಲಿನ ಜಿಲ್ಲೆಗಳ ರೋಗಿಗಳಿಗೂ ಆ ನಗರವೇ ಆಶ್ರಯ. ಕರುಳಿನ ಬಾಲದಂತಿರುವ ಆ ಪುಟ್ಟ ಅಂಗವನ್ನು ತೆಗೆದರೆ ಕಾಯಿಲೆ ಮುಗಿಯಿತೆಂದು ಮನೆಯವರು ಭಾವಿಸುತ್ತಾರೆ. ಬಹುತೇಕ ಪ್ರಸಂಗಗಳಲ್ಲಿ ಅದು ನಿಜವೂ ಹೌದು. ಆದರೆ ತೆಗೆದ ನೂರು ಅಪೆಂಡಿಕ್ಸ್‌ಗಳಲ್ಲಿ ಸುಮಾರು ಒಂದರಲ್ಲಿ ಗಡ್ಡೆ ಅಡಗಿರುತ್ತದೆಂಬುದು ನಾನಾ ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ.

ಇಂಥ ಗಡ್ಡೆ ಶಸ್ತ್ರವೈದ್ಯನ ಕಣ್ಣಿಗೆ ಬೀಳುವುದು ಅಪರೂಪ. ಬುಡದಲ್ಲಿದ್ದರೆ ಅದು ಮಲದ ಹರಳಿನಂತೆಯೇ ನಾಳವನ್ನು ಮುಚ್ಚಿ ಉರಿಯೂತವನ್ನು ಉಂಟುಮಾಡುತ್ತದೆ. ಊದಿಕೊಂಡು ಕೀವು ತುಂಬಿದ ಅಂಗದಲ್ಲಿ ಗಡ್ಡೆ ಯಾವುದು, ಬಾವು ಯಾವುದು ಎಂದು ಬೆರಳಿನ ಸ್ಪರ್ಶದಿಂದ ಹೇಳಲಾಗದು. ತುದಿಯಲ್ಲಿದ್ದರೆ ನೋವಿಗೂ ಅದಕ್ಕೂ ಸಂಬಂಧವೇ ಇರಲಿಕ್ಕಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ: ಅದೇ ಜಾಗದಲ್ಲಿ ಕರುಳಿನ ಕ್ಷಯವೂ ಗಂಟು ಕಟ್ಟುತ್ತದೆ. ಹೀಗಾಗಿ ನಿಜವಾದ ಪತ್ತೆ ನಡೆಯುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಲ್ಲ, ಫಾರ್ಮಲಿನ್ ಸೀಸೆಯಲ್ಲಿ ರೋಗಶಾಸ್ತ್ರ ವಿಭಾಗಕ್ಕೆ ಹೋದ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ.

ಅಲ್ಲಿ ಹೆಚ್ಚಾಗಿ ಕಾಣುವವುಗಳಲ್ಲಿ ಒಂದು ನರ-ಅಂತಃಸ್ರಾವಕ ಗಡ್ಡೆ. ಜರ್ಮನಿಯ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಕರುಳಿನ ಇಂಥ ಗಡ್ಡೆಗಳಿಗೆ ‘ಕಾರ್ಸಿನಾಯ್ಡ್’, ಎಂದರೆ ಕ್ಯಾನ್ಸರಿನಂಥದು, ಎಂದು ಹೆಸರಿಟ್ಟ. ಹೆಸರಿನಲ್ಲಿಯೇ ಅರ್ಧ ಸಮಾಧಾನವಿದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಪೂರ್ಣವಾಗಿ ಹೊರಬಂದಿದ್ದರೆ ಸಾಮಾನ್ಯವಾಗಿ ಮತ್ತೇನೂ ಬೇಕಾಗುವುದಿಲ್ಲ. ಎರಡು ಸೆಂಟಿಮೀಟರ್ ಮೀರಿದ್ದರೆ ದೊಡ್ಡ ಕರುಳಿನ ಬಲಭಾಗವನ್ನೂ ಅದರ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ನಡುವಿನ ಅಳತೆಯ ಬಗ್ಗೆ ಬಹುಕಾಲ ಭಿನ್ನಾಭಿಪ್ರಾಯವಿತ್ತು. 2023ರಲ್ಲಿ ಪ್ರಕಟವಾದ, ಯುರೋಪಿನ 278 ರೋಗಿಗಳ ಅಧ್ಯಯನವು ಈ ಗುಂಪಿನವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಲಾಭವಿಲ್ಲವೆಂದು ತೋರಿಸಿತು. ಕೂಲಿ ಬಿಟ್ಟು ಮತ್ತೊಮ್ಮೆ ಆಸ್ಪತ್ರೆ ಸೇರಬೇಕಾದ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ.

ಲೋಳೆ ತುಂಬಿದ ಗಡ್ಡೆಗಳ ಸ್ವಭಾವ ಬೇರೆ. ಒಡೆಯದಿದ್ದರೆ ಅವು ನಿರುಪದ್ರವಿಯಂತೆ ಇರುತ್ತವೆ. ಒಡೆದರೆ ಜೀವಕೋಶಗಳು ಹೊಟ್ಟೆಯ ಪೊರೆಯ ಮೇಲೆಲ್ಲ ಹರಡಿ, ವರ್ಷಗಳ ಅನಂತರ ಹೊಟ್ಟೆ ಲೋಳೆಯಿಂದ ಉಬ್ಬಬಹುದು. ಆದ್ದರಿಂದ ಅಂಗವು ಅಸಹಜವಾಗಿ ದಪ್ಪಗೆ ಕಂಡಾಗ ಶಸ್ತ್ರವೈದ್ಯನು ಅದನ್ನು ಒಡೆಯದಂತೆ ಹೊರತೆಗೆಯಬೇಕಾಗುತ್ತದೆ. ಇವಲ್ಲದೆ ಮೊದಲು ಕಾರ್ಸಿನಾಯ್ಡ್ ಗುಂಪಿನಲ್ಲಿಯೇ ಎಣಿಸುತ್ತಿದ್ದ ಗಾಬ್ಲೆಟ್ ಕೋಶದ ಗಡ್ಡೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣವು ಕ್ಯಾನ್ಸರೆಂದೇ ಪರಿಗಣಿಸಿದೆ.

ವಯಸ್ಸಿನ ಪ್ರಶ್ನೆಯೂ ಮುಖ್ಯವಾದುದು. ಅಪೆಂಡಿಕ್ಸ್ ಸುತ್ತ ಕೀವು ಕಟ್ಟಿದ್ದವರಿಗೆ ಮೊದಲು ಔಷಧ ಕೊಟ್ಟು, ಅನಂತರ ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂದು ಫಿನ್ಲೆಂಡಿನಲ್ಲಿ ನಡೆಸಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2019ರಲ್ಲಿ ಪ್ರಕಟವಾದ ಅದರ ವರದಿಯಂತೆ 60 ಜನರಲ್ಲಿ 12 ಮಂದಿಗೆ ಗಡ್ಡೆಯಿತ್ತು. ಅವರೆಲ್ಲರೂ ನಲವತ್ತು ದಾಟಿದವರು. ಚುಚ್ಚುಮದ್ದಿನಿಂದ ನೋವು ಇಳಿಯಿತೆಂದು ಊರಿಗೆ ಮರಳುವ ನಡುವಯಸ್ಸಿನ ರೈತನ ವಿಷಯದಲ್ಲಿ ಈ ಅಂಕಿಗಳನ್ನು ನೆನೆಯಬೇಕು.

ಇಷ್ಟಾದರೂ ಎಲ್ಲವೂ ಒಂದು ಕಾಗದವನ್ನು ಅವಲಂಬಿಸಿದೆ. ತುಣುಕನ್ನು ಮನೆಯವರಿಗೆ ತೋರಿಸಿ ಎಸೆದರೆ ಗಡ್ಡೆ ಇದ್ದುದೇ ತಿಳಿಯುವುದಿಲ್ಲ. ಪರೀಕ್ಷೆಗೆ ಕಳಿಸಿದರೂ, ಹಿಂಗಾರಿ ಬಿತ್ತನೆಯ ಆತುರದಲ್ಲಿರುವವನು ಹೊಲಿಗೆಯನ್ನು ಊರಿನ ಸಮೀಪದಲ್ಲಿಯೇ ಬಿಚ್ಚಿಸಿಕೊಂಡರೆ ವರದಿ ಹುಬ್ಬಳ್ಳಿಯಲ್ಲಿಯೇ ಉಳಿಯುತ್ತದೆ. ನೋವಿಲ್ಲದವನಿಗೆ ಮತ್ತೆ ಬಸ್ಸು ಹತ್ತಲು ಕಾರಣವೂ ತೋರದು. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ. ವರದಿಯೂ ಬಹುಮಟ್ಟಿಗೆ ಅಷ್ಟರಲ್ಲಿಯೇ ಸಿದ್ಧವಾಗುತ್ತದೆ. ಬಿಡುಗಡೆಯ ಚೀಟಿಯಲ್ಲಿ ಎರಡಕ್ಕೂ ಒಂದೇ ದಿನಾಂಕ ಬರೆದು, ಮನೆಯವರ ಮೊಬೈಲ್ ಸಂಖ್ಯೆಯನ್ನು ರೋಗಶಾಸ್ತ್ರ ವಿಭಾಗದ ಅರ್ಜಿಯಲ್ಲಿಯೂ ನಮೂದಿಸಿದರೆ, ಎರಡನೆಯ ಪ್ರಯಾಣದ ಖರ್ಚು ರೋಗಿಯ ಮೇಲೆ ಬೀಳುವುದಿಲ್ಲ.