ಬಸ್ ಸ್ಟ್ಯಾಂಡಿನಲ್ಲಿ ಹೊತ್ತು ಮುಳುಗಿದರೆ



ನಾವೀಗ ಊರಿಂದೂರಿಗೆ ಹೋಗುವುದು ಹೆಚ್ಚು. ಆಸ್ಪತ್ರೆಗೆ ಹೋಗುತ್ತೇವೆ. ಸಂಘದ ಕೆಲಸಕ್ಕೆ ಬ್ಯಾಂಕಿಗೆ ಹೋಗುತ್ತೇವೆ. ಬಾಣಂತಿ ಮಗಳನ್ನು ನೋಡಲು ಹೋಗುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರದ ಸಾಮಾನ್ಯ ಬಸ್ಸಿಗೆ ಹೆಂಗಸರು ದುಡ್ಡು ಕೊಡುವಂತಿಲ್ಲ. ಆದರೆ ಹಿಂದಿರುಗುವಾಗ ಹೊತ್ತು ಮುಳುಗಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೇ ಕಾಯಬೇಕಾಗುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನಿಗೂ ಹೀಗೇ ಆಯಿತು. ಮಗಳನ್ನು ನೋಡಿಕೊಂಡು ಬರುವಾಗ ರಾತ್ರಿ ಏಳೂವರೆ. ಕೈಯಲ್ಲಿ ಚೀಲ. ಒಬ್ಬ ಗಂಡಸು ಹತ್ತಿರ ಬಂದ.

“ಯಾವೂರಕ್ಕಾ?” ಎಂದ. ಇವರು ಊರ ಹೆಸರು ಹೇಳಿದರು.

“ಅಯ್ಯೋ, ಕೊನೇ ಬಸ್ಸು ಹೋಯ್ತಲ್ಲಾ! ನಾನೂ ಆ ಕಡೆಗೇ ಹೋಗ್ತಿದೀನಿ. ಗಾಡಿ ಹಿಂದ್ಗಡೆ ನಿಲ್ಸಿದೀನಿ, ಬನ್ನಿ.”

ಅಕ್ಕ ಎದ್ದರು. ನಾಲ್ಕು ಹೆಜ್ಜೆ ಹೋದರು. ಗಾಡಿ ನಿಲ್ಲಿಸುವ ಜಾಗ ಗೋಡೆಯ ಆಚೆ ಇತ್ತು. ಅಲ್ಲಿ ದೀಪ ಇರಲಿಲ್ಲ. ಒಬ್ಬ ಹೆಂಗಸೂ ಕಾಣಲಿಲ್ಲ. ಅಕ್ಕ ನಿಂತರು. “ವಿಚಾರಿಸ್ಕೊಂಡು ಬರ್ತೀನಿ ಇರಪ್ಪಾ” ಎಂದು ಬೆಳಕಿಗೆ ಬಂದರು. ಒಂದು ಕಿಟಕಿಯ ಮೇಲೆ ಅಕ್ಷರಗಳಿದ್ದವು. ಬೆರಳು ಮಾಡಿ ಓದಿದರು. ವಿ, ಚಾ, ರ, ಣೆ. ವಿಚಾರಣೆ! ಒಳಗೆ ಕೂತವರು, “ನಿಮ್ಮೂರ ಬಸ್ಸು ಎಂಟು ಗಂಟೆಗೆ, ನಾಲ್ಕನೇ ಅಂಕಣ” ಎಂದರು. ತಿರುಗಿ ನೋಡಿದರೆ ಆ ಮನುಷ್ಯ ಇಲ್ಲ.

ಅವನು ಕೆಟ್ಟವನೋ ಒಳ್ಳೆಯವನೋ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದರ್ದೂ ಇಲ್ಲ. ಬಸ್ಸಿನ ಸಮಯವನ್ನು ಕೇಳಬೇಕಾದ್ದು ವಿಚಾರಣೆ ಕಿಟಕಿಯಲ್ಲಿ. ಇಲ್ಲವೇ ಸಂಚಾರ ನಿಯಂತ್ರಕರ ಕೊಠಡಿಯಲ್ಲಿ. ಅಲ್ಲೇ ಗೋಡೆಯ ಮೇಲೆ ವೇಳಾಪಟ್ಟಿ ಬರೆದಿದ್ದರೆ ಅದನ್ನೂ ಓದಿ. ನಿಧಾನವಾಗಿ ಓದಿ, ನಾಚಿಕೆ ಬೇಡ. ಅಂಕಣ ಎಂದರೆ ಬಸ್ಸು ಬಂದು ನಿಲ್ಲುವ ಜಾಗ. ಬಸ್ಸಿನ ಮುಂದಿನ ಬೋರ್ಡನ್ನೂ ನೀವೇ ಓದಿಕೊಂಡು ಹತ್ತಿ.

ಕಾಯುವಾಗ ದೀಪದ ಕೆಳಗೆ, ಹೆಂಗಸರು ಮಕ್ಕಳು ಇರುವ ಕಡೆ ಕೂತುಕೊಳ್ಳಿ. ಚೀಲ ಮಡಿಲಲ್ಲಿರಲಿ. ಯಾರಾದರೂ ಮತ್ತೆ ಮತ್ತೆ ಬಂದು ಮಾತಾಡಿಸಿದರೆ ಎದ್ದು ಹೋಗಿ ಕಿಟಕಿಯ ಮುಂದೆ ನಿಲ್ಲಿ. ಜೋರಾಗಿ ಮಾತಾಡಿ. ನಾಲ್ಕು ಜನ ತಿರುಗಿ ನೋಡಲಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿಲ್ಲ.

ಆಟೋ ಹಿಡಿಯಬೇಕಾಗಿ ಬಂತೇ? ಮೊದಲು ನಂಬರ್ ಪ್ಲೇಟು ನೋಡಿ. ಬಾಡಿಗೆ ಗಾಡಿಗೆ ಹಳದಿ ಪ್ಲೇಟು, ಕಪ್ಪು ಅಕ್ಷರ. ಕರೆಂಟಿನ ಬಾಡಿಗೆ ಗಾಡಿಯಾದರೆ ಹಸಿರು ಪ್ಲೇಟು, ಹಳದಿ ಅಕ್ಷರ. ಬಿಳಿ ಪ್ಲೇಟಿನ ಗಾಡಿ ಸ್ವಂತಕ್ಕೆ ಇಟ್ಟುಕೊಂಡದ್ದು. ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ಹತ್ತುವ ಮುಂಚೆ ಮನೆಗೆ ಫೋನ್ ಮಾಡಿ ಆ ನಂಬರನ್ನು ಓದಿ ಹೇಳಿ. ಡ್ರೈವರಿಗೂ ಕೇಳಿಸಲಿ.

ಇನ್ನೊಂದು ಅಪಾಯ ಚಕ್ರದ್ದು. ಅಂಕಣಕ್ಕೆ ಮುಖ ಮಾಡಿ ನಿಂತ ಬಸ್ಸು ಹಿಂದಕ್ಕೆ ಬಂದೇ ಹೊರಡಬೇಕು. ಹಿಂದುಗಡೆ ನಿಂತವರು ಡ್ರೈವರಿಗೆ ಕಾಣುವುದಿಲ್ಲ. ಅದಕ್ಕೇ ಕಂಡಕ್ಟರ್ ಇಳಿದು ಸೀಟಿ ಊದುವುದು. ಸೀಟಿ ಕೇಳಿದರೆ ದೂರ ಸರಿಯಿರಿ. ಬಸ್ಸಿನ ಹಿಂದಿನಿಂದ ದಾಟಬೇಡಿ. ಮಗುವಿನ ಕೈ ಬಿಡಬೇಡಿ. ಬಸ್ಸು ಇನ್ನೂ ನಿಂತೇ ಇರುವುದಿಲ್ಲ, ಕಿಟಕಿಗೆ ಟವೆಲ್ ಹಾಕಲು ಓಡುತ್ತೇವೆ. ನಾನೂ ಓಡಿದ್ದೇನೆ ಅನ್ನಿ. ಸೀಟಿಗಿಂತ ಕಾಲು ದೊಡ್ಡದು.

ಈ ಎರಡು ನಂಬರು ಬಾಯಿಪಾಠ ಮಾಡಿ. 112 ಒತ್ತಿದರೆ ಪೊಲೀಸರ ನೆರವು ಸಿಗುತ್ತದೆ. ಫೋನಿನಲ್ಲಿ ಕರೆನ್ಸಿ ಇಲ್ಲದಿದ್ದರೂ ಹೋಗುತ್ತದೆ. 181 ಹೆಂಗಸರಿಗಾಗಿಯೇ ಇರುವ ಸಹಾಯವಾಣಿ. ಎಲ್ಲಿದ್ದೀರಿ ಎಂದು ಕೇಳುತ್ತಾರೆ. ಎದುರಿಗಿರುವ ಅಂಗಡಿಯ ಬೋರ್ಡು ಓದಿ ಹೇಳಿ.

ಯಾರಾದರೂ ಮೈಮುಟ್ಟಿದರೆ, ಎಳೆದಾಡಿದರೆ ದೂರು ಕೊಡಿ. 2024ರ ಜುಲೈ 1ರಿಂದ ಹೊಸ ಕಾನೂನು ಇದೆ. ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. “ಇದು ನಮ್ಮ ಸರಹದ್ದಲ್ಲ” ಎಂದು ವಾಪಸ್ ಕಳಿಸುವಂತಿಲ್ಲ. ದೂರು ದಾಖಲಾದ ಮೇಲೆ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೇಳಿ ಪಡೆಯಿರಿ.

ಆ ಅಕ್ಕ ಮನೆ ಸೇರಿದಾಗ, “ಒಬ್ಬಳೇ ಹೋಗು ಅಂದೋರ್ಯಾರು?” ಎಂದು ಗಂಡ ರೇಗಿದರಂತೆ. ಈ ಮಾತು ನನಗೆ ಒಪ್ಪಿಗೆ ಇಲ್ಲ. ಮಗಳನ್ನು ನೋಡಲು ತಾಯಿ ಹೋಗಬಾರದೇ? ತಪ್ಪು ಹೋದವರದ್ದಲ್ಲ. ದೀಪ ಹಾಕದವರದ್ದು.

ನಮ್ಮೂರ ಬಸ್ಸು ನಿಲ್ಲುವ ಕಡೆಯೂ ಕತ್ತಲೆಯೇ. ಊರಿನ ಬೀದಿ ದೀಪ ಗ್ರಾಮ ಪಂಚಾಯಿತಿಯ ಕೆಲಸ. ಹೋದ ವಾರ ಕೇಂದ್ರದಲ್ಲಿ ಎಲ್ಲರೂ ಕೂತು ಅರ್ಜಿ ಬರೆದೆವು. ನೀವೂ ಬರೆಯಿರಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಎಂದು ಮೇಲೆ ಬರೆಯಿರಿ. ದೀಪ ಎಲ್ಲಿ ಬೇಕು, ಯಾಕೆ ಬೇಕು ಎಂದು ಎರಡು ಸಾಲು ಸಾಕು. ಕೆಳಗೆ ಎಲ್ಲರೂ ಸಹಿ ಹಾಕಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಇಸಿದುಕೊಳ್ಳಿ. ಅದರಲ್ಲಿ ತಾರೀಖು ಇದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ.